ಷಿಕಾಗೋದ ಡಿಸೆಂಬರ್ ರಜೆ: ದಿನಕ್ಕೊಂದೇ ಜಾಗ

ಹಾಸನದಲ್ಲಿ ಈಗ ಧನುರ್ಮಾಸ. ಬೆಳಗಿನ ಜಾವದ ಪೂಜೆ ಮುಗಿದು ಹುಗ್ಗಿಯ ದೊನ್ನೆ ಕೈಗೆ ಬರುವ ಹೊತ್ತಿಗೆ ನಮ್ಮ ಬೀದಿಯ ದೇವಸ್ಥಾನದ ಜಗಲಿಯ ಮೇಲೆ ನಡೆಯುವ ಮಾತಿನಲ್ಲಿ ಅರ್ಧದಷ್ಟು ಅಮೆರಿಕದ ಮೊಮ್ಮಕ್ಕಳದ್ದೇ ಆಗಿರುತ್ತದೆ. ಷಿಕಾಗೋದಲ್ಲಿ ಹದಿನಾಲ್ಕು ಚಳಿಗಾಲ ಕಳೆದು ಊರಿಗೆ ಮರಳಿದ ನನ್ನನ್ನು ಅಲ್ಲಿ ಎಲ್ಲರೂ ಕೇಳುವುದು ಒಂದೇ: ಶಾಲೆಗೆ ಎರಡು ವಾರ ರಜೆ, ಹೊರಗೆ ಹಿಮ, ಮಕ್ಕಳನ್ನು ಇಟ್ಟುಕೊಂಡು ಏನು ಮಾಡುವುದು? ಅಲ್ಲಿ ನೆಲೆಸಿರುವ ಎಳೆಯ ದಂಪತಿಗಳಿಗೂ, ಇಲ್ಲಿಂದ ಹೊರಟಿರುವ ಅಜ್ಜ ಅಜ್ಜಿಯರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಬೇಲೂರು, ಹಳೇಬೀಡುಗಳನ್ನು ಒಂದೇ ದಿನದಲ್ಲಿ ಮುಗಿಸಿ ಬರುವ ನಮ್ಮ ಊರಿನ ಅಭ್ಯಾಸದಲ್ಲೇ ಐದು ಜಾಗಗಳ ಪಟ್ಟಿ ಹಿಡಿದು ಹೊರಟೆವು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿ ಉಣ್ಣೆಯ ಟೊಪ್ಪಿಯನ್ನೂ ಲೆಕ್ಕಕ್ಕಿಡುವುದಿಲ್ಲ. ಮೂರನೆಯ ಜಾಗ ತಲುಪುವಷ್ಟರಲ್ಲಿ ಚಿಕ್ಕವಳ ಬೆರಳುಗಳು ಮರಗಟ್ಟಿ, ರೈಲಿನಲ್ಲಿ ಮನೆಯವರೆಗೂ ಅತ್ತುಕೊಂಡು ಬಂದಳು. ಅಂದಿನಿಂದ ದಿನಕ್ಕೊಂದೇ ಜಾಗ, ಅದೂ ಬೆಚ್ಚಗಿನ ಸೂರೊಂದು ಹತ್ತಿರ ಇರುವ ಜಾಗ ಎಂಬುದು ನಮ್ಮ ಮನೆಯ ಕಟ್ಟಳೆಯಾಯಿತು.

ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದದ್ದು ಗಾರ್‌ಫೀಲ್ಡ್ ಪಾರ್ಕಿನ ಗಾಜಿನ ಸಸ್ಯಾಗಾರಕ್ಕೆ. ಹಬ್ಬದ ಪಟ್ಟಿಗಳಲ್ಲಿ ಅದರ ಹೆಸರು ಕೊನೆಯಲ್ಲೆಲ್ಲೋ ಇರುತ್ತದೆ, ಆದರೆ ಹಾಸನದ ಅಜ್ಜಿಯನ್ನು ಕರೆದುಕೊಂಡು ಹೋಗಲು ಆ ನಗರದಲ್ಲಿ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. 1908ರಲ್ಲಿ ಬಾಗಿಲು ತೆರೆದ ಅದನ್ನು ರೂಪಿಸಿದ ಉದ್ಯಾನ ವಿನ್ಯಾಸಕ ಯೆನ್ಸ್ ಯೆನ್ಸೆನ್, ಆ ಸೀಮೆಯ ಹೊಲಗಳಲ್ಲಿ ಕಾಣುವ ಹುಲ್ಲಿನ ಬಣವೆಗಳ ಆಕಾರವನ್ನೇ ಗಾಜಿನ ಮಾಡಿಗೆ ಕೊಟ್ಟ. ದೂರದಿಂದ ನೋಡಿದ ನನ್ನ ತಾಯಿ ಯಾರೂ ಹೇಳಿಕೊಡದೆಯೇ "ಬಣವೆ ಇದ್ದ ಹಾಗಿದೆ" ಎಂದಿದ್ದರು. ಒಳಗೆ ಕಾಲಿಟ್ಟರೆ ಮಲೆನಾಡಿನ ಮಳೆಗಾಲದಂತಹ ತೇವದ ಬಿಸಿ, ಜರೀಗಿಡಗಳ ಕಣಿವೆ, ಬಾಳೆ, ಕಬ್ಬು, ಕೋಕೋ. ಹೊರಗೆ ಹಿಮ ಸುರಿಯುತ್ತಿರುವಾಗ ಬಾಳೆಗಿಡದ ಪಕ್ಕ ನಿಂತ ಅಜ್ಜಿ, ಗೊನೆ ಕಡಿದ ಮೇಲೆ ತಾಯಿಗಿಡ ಏನಾಗುತ್ತದೆ, ಕಂದು ಹೇಗೆ ಏಳುತ್ತದೆ ಎಂದು ಮೊಮ್ಮಕ್ಕಳಿಗೆ ವಿವರಿಸಿದ ಆ ಒಂದು ಗಂಟೆಯಲ್ಲಿ ಮಕ್ಕಳು ಕೇಳಿದಷ್ಟು ಕನ್ನಡವನ್ನು ನಮ್ಮ ವಾರಾಂತ್ಯದ ಕನ್ನಡ ತರಗತಿ ಒಂದು ತಿಂಗಳಿನಲ್ಲಿ ಕೇಳಿಸಿರಲಿಲ್ಲ. ಷಿಕಾಗೋ ನಿವಾಸಿಗಳಿಗೆ ಪ್ರವೇಶ ಉಚಿತ, ಗ್ರೀನ್ ಲೈನ್ ರೈಲು ಅದರ ಬಾಗಿಲ ಬಳಿಯಲ್ಲೇ ನಿಲ್ಲುತ್ತದೆ.

ಚಿಕ್ಕ ಮಕ್ಕಳಿಗೆ ನಗರ ಸಾರಿಗೆ ಸಂಸ್ಥೆಯಾದ ಸಿಟಿಎಯ ಹಬ್ಬದ ರೈಲೇ ಸಾಕು. 1992ರಲ್ಲಿ ಬಡವರಿಗೆ ಆಹಾರ ಸಾಗಿಸಿದ ರೈಲಿನಿಂದ ಆರಂಭವಾದ ಈ ಪದ್ಧತಿಯಲ್ಲಿ ಈಗ ಇಡೀ ರೈಲಿಗೆ ದೀಪ ಕಟ್ಟಿ, ನಡುವಿನ ತೆರೆದ ಬಂಡಿಯಲ್ಲಿ ಸಾಂಟಾನನ್ನು ಕೂರಿಸಿ ಓಡಿಸುತ್ತಾರೆ, ನೋಡಿದರೆ ನಮ್ಮ ರಥೋತ್ಸವವೇ ಹಳಿಯ ಮೇಲೆ ಬಂದಂತಿರುತ್ತದೆ. ಟಿಕೆಟಿಗೆ ಮಾಮೂಲಿ ದರವೇ. ಯಾವ ದಿನ ಯಾವ ಮಾರ್ಗ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಶಾಲೆಗೆ ಹೋಗುವ ಮಕ್ಕಳಿದ್ದರೆ ವಿಜ್ಞಾನ ಮತ್ತು ಕೈಗಾರಿಕಾ ಸಂಗ್ರಹಾಲಯಕ್ಕೆ ಒಂದು ಇಡೀ ದಿನವನ್ನು ಮೀಸಲಿಡಿ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಮಿತ್ರರಾಷ್ಟ್ರಗಳ ಸೈನಿಕರ ಗೌರವಾರ್ಥ ಅಲ್ಲಿ ಒಂದೇ ಒಂದು ಕ್ರಿಸ್‌ಮಸ್ ಮರವನ್ನು ಅಲಂಕರಿಸಿದ್ದರು. ಇಂದು ಐವತ್ತಕ್ಕೂ ಹೆಚ್ಚು ಮರಗಳಿರುತ್ತವೆ, ಒಂದೊಂದನ್ನೂ ಒಂದೊಂದು ನಾಡಿನಿಂದ ಬಂದು ಷಿಕಾಗೋದಲ್ಲಿ ನೆಲೆಸಿದವರೇ ಸ್ವಯಂಸೇವಕರಾಗಿ ಸಿಂಗರಿಸುತ್ತಾರೆ. ಕ್ರಿಸ್‌ಮಸ್ ನಮ್ಮ ಹಬ್ಬವಲ್ಲ, ಮಕ್ಕಳನ್ನು ಏಕೆ ಕರೆದೊಯ್ಯಬೇಕು ಎಂದು ಜಗಲಿಯ ಮೇಲೆ ಹಿರಿಯರೊಬ್ಬರು ಆಕ್ಷೇಪಿಸಿದಾಗ ನಾನು ಹೇಳಿದ್ದು ಈ ಮರಗಳ ವಿಷಯವನ್ನೇ. ಸಾಲಿನಲ್ಲಿ ಭಾರತದ ಮರವನ್ನು ಕಂಡ ನನ್ನ ಮಗ ಅದರ ಮುಂದೆ ನಿಂತು ತನ್ನ ಸಹಪಾಠಿಗೆ ಹಾಸನ ಎಲ್ಲಿದೆ ಎಂದು ತಾನಾಗಿಯೇ ಹೇಳತೊಡಗಿದ್ದ.

ನಗರದ ನಡುವಿನ ಡೇಲಿ ಪ್ಲಾಜಾ ಚೌಕದ ಜರ್ಮನ್ ಕ್ರಿಸ್‌ಮಸ್ ಸಂತೆಗೆ ಶನಿವಾರ, ಭಾನುವಾರ ಹೋಗಬೇಡಿ, ತಳ್ಳುಗಾಡಿಯನ್ನು ತಿರುಗಿಸಲೂ ಜಾಗವಿರುವುದಿಲ್ಲ. ಉಳಿದ ದಿನ ಮಧ್ಯಾಹ್ನ ಹೋದರೆ ಆಲೂಗೆಡ್ಡೆಯ ದಪ್ಪ ದೋಸೆ ಸಸ್ಯಾಹಾರಿಗಳ ಕೈ ಹಿಡಿಯುತ್ತದೆ. ಲಿಂಕನ್ ಪಾರ್ಕಿನ ಪ್ರಾಣಿಸಂಗ್ರಹಾಲಯ ಹಗಲಿನಲ್ಲಿ ವರ್ಷವಿಡೀ ಉಚಿತವಾದರೂ ಅಲ್ಲಿನ ದೀಪಾಲಂಕಾರದ ಸಂಜೆಗಳಿಗೆ ಮುಂಚಿತವಾಗಿಯೇ ಟಿಕೆಟ್ ಕಾಯ್ದಿರಿಸಬೇಕು.

ಹೊರಡುವ ಅಜ್ಜ ಅಜ್ಜಿಯರಿಗೆ ಇನ್ನೊಂದು ಮಾತು. ಇಲ್ಲಿನ ಅಂಗಡಿಯಲ್ಲಿ ಚಳಿಗಾಲದ ಬೂಟು ಕೊಳ್ಳಬೇಡಿ, ಅವುಗಳ ಅಟ್ಟೆ ಮಂಜುಗಡ್ಡೆಯ ಮೇಲೆ ಜಾರುತ್ತದೆ. ಆ ತೂಕಕ್ಕೆ ಚಟ್ನಿಪುಡಿ ಒಯ್ಯಿರಿ, ಬೂಟನ್ನು ಅಲ್ಲಿ ಇಳಿದ ಮರುದಿನವೇ ಮಕ್ಕಳಿಂದ ಕೊಡಿಸಿಕೊಳ್ಳಿ.