ಅವ್ವನ ಜೊತೆ ನಾಮ್ ಪೆನ್‌ಗೆ ಮೂರು ದಿನ, ಸಾಕಾ?

ಕಲಬುರಗಿ ತೊಗರಿ: ಡಿಸೆಂಬರ್‌ನಲ್ಲಿ ಅವ್ವನನ್ನ ಕರೆದುಕೊಂಡು ಕಾಂಬೋಡಿಯಾದ ನಾಮ್ ಪೆನ್‌ಗೆ ಹೊರಟಿದ್ದೇನೆ. ಅವ್ವನಿಗೆ ಮಂಡಿನೋವು, ಮಾಂಸ ಮೀನು ಮುಟ್ಟಲ್ಲ. ಏನು ನೋಡಬೇಕು, ದುಡ್ಡು ಯಾವುದು ಒಯ್ಯಬೇಕು?

ಬೀದರ್ ಕೋಟೆ: ಸಾಕು ರೀ. ಅರಮನೆಗೆ ಬೆಳಿಗ್ಗೆನೇ ಹೋಗಿ, ಭುಜ ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಅದರ ಆವರಣದಲ್ಲೇ ಇರುವ ಬೌದ್ಧ ಗುಡಿ ಬೆಳ್ಳಿ ಪಗೋಡದ ನೆಲಕ್ಕೆ 5,000ಕ್ಕೂ ಜಾಸ್ತಿ ಬೆಳ್ಳಿ ಬಿಲ್ಲೆ ಹಾಸಿದ್ದಾರೆ, ಬಹುಪಾಲು ಜಮಖಾನದ ಕೆಳಗಿರುತ್ತದೆ. ಸಂಜೆ ನದಿ ದಂಡೆಯಲ್ಲಿ ಅವ್ವನನ್ನ ಸುಮ್ನೆ ಕೂರಿಸಿ. ಅಲ್ಲೇ ತೊನ್ಲೆ ಸಾಪ್ ನದಿ ಬಂದು ಮೆಕಾಂಗ್ ನದಿ ಸೇರುವುದು, ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಆ ನೀರು ಹಿಂದಕ್ಕೆ ನುಗ್ಗಿ ತೊನ್ಲೆ ಸಾಪ್ ಉಲ್ಟಾ ಹರಿಯುತ್ತದೆ, ನಮ್ಮ ಭೀಮಾ ತಿರುಗಿ ಹರಿದರೆ ಹೇಗಿರುತ್ತೆ ಹೇಳಿ!

ಯಾದಗಿರಿ ಅಕ್ಕ: ಡಾಲರ್ ನಡೆಯುತ್ತದೆ, ಚಿಲ್ಲರೆ ಅಲ್ಲಿನ ದುಡ್ಡು ರಿಯಲ್‌ನಲ್ಲಿ ಕೊಡುತ್ತಾರೆ, ಒಂದು ಡಾಲರ್‌ಗೆ ಸುಮಾರು 4,000. ನೋಟು ಹೊಸದೇ ಒಯ್ಯಿರಿ ತಮ್ಮಾ. ನನ್ನ 20ರ ನೋಟಿನ ಅಂಚು ಉಗುರಿನಷ್ಟು ಹರಿದಿತ್ತು, ಅಂಗಡಿಯಾಕೆ ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟಳು. ತರಕಾರಿ ಅಡುಗೆಗೂ ಮೀನಿನ ಸಾಸ್ ಹಾಕುತ್ತಾರೆ, ಮೊದಲೇ ಕೇಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಟುವೋಲ್ ಸ್ಲೆಂಗ್ ಮ್ಯೂಸಿಯಂಗೆ ನೀವೊಬ್ಬರೇ ಹೋಗಿ ಬನ್ನಿ. ಅಲ್ಲಿದ್ದ ಶಾಲೆಯನ್ನೇ 1970ರ ದಶಕದಲ್ಲಿ ದೇಶ ಆಳಿದ ಕ್ರೂರ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್‌ನವರು ಜೈಲು ಮಾಡಿದ್ದರು, ಗೋಡೆ ತುಂಬ ಕೈದಿಗಳ ಫೋಟೋ. ನಾನು ಅರ್ಧಕ್ಕೇ ಹೊರಗೆ ಬಂದು ಮರದ ಕೆಳಗೆ ಕೂತುಬಿಟ್ಟೆ.

ಕಲಬುರಗಿ ತೊಗರಿ: ಥ್ಯಾಂಕ್ಸ್ ಅಕ್ಕಾ. ರೊಟ್ಟಿ ಮಾತು ಕೇಳಿ ಅವ್ವನಿಗೆ ಧೈರ್ಯ ಬಂತು.