ಅತ್ತೆಯವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ವಿಚಾರ

ಪ್ರಶ್ನೆ (ಡೊಂಬಿವಲಿ): ಮರೆವಿನ ಕಾಯಿಲೆಯಿರುವ ನಮ್ಮ ಅತ್ತೆಯವರು ಗ್ಯಾಸ್ ಹಚ್ಚಿಟ್ಟು ಮರೆಯುತ್ತಾರೆ, ಅಪರಾತ್ರಿಯಲ್ಲಿ ಚಿಲಕ ತೆಗೆದು ಹೊರಟುಬಿಡುತ್ತಾರೆ. ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ನಾವಿಬ್ಬರೂ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕೆಂದಿದ್ದೇವೆ. ಧಾರವಾಡದ ನಾದಿನಿ ಒಪ್ಪುತ್ತಿಲ್ಲ. ಏನೇನು ವಿಚಾರಿಸಬೇಕು?

ಉತ್ತರ (ಪುಣೆ): ಈ ಕಾಯಿಲೆಯಲ್ಲಿ, ಆಮೇಲೆ ಕಲಿತ ಮರಾಠಿ, ಹಿಂದಿಗಳು ಮೊದಲು ಜಾರಿಹೋಗಿ ಕನ್ನಡವೊಂದೇ ಉಳಿಯುವುದುಂಟು, ಆದ್ದರಿಂದ ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲ ಆಯಾ ಇರುವರೇ ಎಂದು ಮೊದಲು ಕೇಳಿರಿ. ಊಟದ ಹೊತ್ತಿಗೆ, ತಿಳಿಸದೆ ಹೋಗಿ ನೋಡಿರಿ. ಠೇವಣಿ ಹಿಂದಿರುಗಿಸುವ ಷರತ್ತು ಬರಹದಲ್ಲಿರಲಿ.

ಉತ್ತರ (ಠಾಣೆ): ಮನೆ ಅತ್ತೆಯವರ ಹೆಸರಿನಲ್ಲಿದ್ದರೆ ಈಗ ಬರೆಸಿಕೊಳ್ಳಬೇಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಪಡೆದ ಆಸ್ತಿಯ ಹಸ್ತಾಂತರವನ್ನು, ಆರೈಕೆ ತಪ್ಪಿದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ನ್ಯಾಯಮಂಡಳಿ ರದ್ದುಗೊಳಿಸಬಲ್ಲದು. ಸಹಾಯವಾಣಿ 14567ಕ್ಕೂ ಕರೆಮಾಡಬಹುದು. ನಾದಿನಿಯವರು ಒಂದು ವಾರ ಬಂದು ರಾತ್ರಿ ಕಾಯಲಿ (ದೂರದಿಂದ ಬೇಡವೆನ್ನುವುದು ಸುಲಭ), ಅನಂತರ ಮಾತಾಡಿರಿ.