ಅಪ್‌ಡೇಟ್: ರಿಲೀಸ್ ನೋಟ್ಸ್ ಕೆಲಸ ಕೊನೆಗೂ ಹಗುರವಾಯಿತು

ನಮ್ಮ ಸಾಫ್ಟ್‌ವೇರ್‌ನ ಪ್ರತಿ ರಿಲೀಸ್‌ಗೂ ಕಮಿಟ್‌ಗಳನ್ನು (ಕೋಡ್‌ಗೆ ಮಾಡಿದ ಬದಲಾವಣೆಗಳ ದಾಖಲೆಗಳನ್ನು) ಒಂದೊಂದಾಗಿ ಓದಿ, ಏನು ಬದಲಾಗಿದೆ ಅಂತ ಬಳಸುವವರಿಗೆ ಹೇಳುವ ನೋಟ್ಸ್ ಬರೆಯುವ ಕೆಲಸವನ್ನು ಆಟೋಮೇಟ್ ಮಾಡುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ನಾವು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲೇ ಇರುವ ಆಟೋ ಜನರೇಟ್ ಸೌಲಭ್ಯ ನೋಡಿದೆವು. ಪುಲ್ ರಿಕ್ವೆಸ್ಟ್‌ಗಳ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳ) ಲೇಬಲ್ ನೋಡಿ ಅದೇ ವಿಂಗಡಿಸುತ್ತದೆ. ಆದರೆ ಬರುವುದು ಬರೀ ಶೀರ್ಷಿಕೆಗಳ ಪಟ್ಟಿ. "ಪಾರ್ಸರ್‌ನಲ್ಲಿ ನಲ್ ಚೆಕ್ ಸೇರಿಸಿದೆ" ಅಂದರೆ ಬಳಸುವವರಿಗೆ ಏನು ಗೊತ್ತಾಗುತ್ತದೆ ಹೇಳಿ?

ನಮ್ಮದು ಪೈಥಾನ್ ಪ್ರಾಜೆಕ್ಟ್, ಹಾಗಾಗಿ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತಯಾರಿಸುವ ಟೌನ್‌ಕ್ರೈಯರ್ ಅನ್ನುವ ಟೂಲ್ ಆರಿಸಿಕೊಂಡೆವು. ಪೈಟೆಸ್ಟ್, ಪಿಪ್‌ನಂಥ ಪೈಥಾನ್ ಪ್ರಾಜೆಕ್ಟ್‌ಗಳು ಕೂಡ ಇದನ್ನೇ ಬಳಸುತ್ತವೆ. ಬದಲಾವಣೆ ಮಾಡಿದವರೇ ಇಶ್ಯೂ (ದಾಖಲಾದ ದೋಷ ಅಥವಾ ಕೋರಿಕೆ) ನಂಬರ್ ಹೆಸರಿನ ಪುಟ್ಟ ಫೈಲ್‌ನಲ್ಲಿ ಒಂದು ಸಾಲು ಬರೆಯುತ್ತಾರೆ: "ಖಾಲಿ ಫೈಲ್ ತೆರೆದರೆ ಇನ್ನು ಕ್ರ್ಯಾಶ್ ಆಗುವುದಿಲ್ಲ." ಎಲ್ಲರೂ ಒಂದೇ ಚೇಂಜ್‌ಲಾಗ್‌ಗೆ ಕೈ ಹಾಕದ ಕಾರಣ ಒಬ್ಬರ ಬದಲಾವಣೆ ಇನ್ನೊಬ್ಬರದಕ್ಕೆ ಡಿಕ್ಕಿ ಹೊಡೆಯುವ ಮರ್ಜ್ ಕಾನ್‌ಫ್ಲಿಕ್ಟ್ ತಲೆನೋವಿಲ್ಲ. ರಿಲೀಸ್ ದಿನ ಒಂದೇ ಕಮಾಂಡ್. ಎಲ್ಲ ಸಾಲುಗಳನ್ನೂ ಚೇಂಜ್‌ಲಾಗ್‌ಗೆ ಸೇರಿಸಿ, ಆ ಪುಟ್ಟ ಫೈಲ್‌ಗಳನ್ನು ಅಳಿಸಿಬಿಡುತ್ತದೆ. ಯಾರಾದರೂ ಸಾಲು ಬರೆಯಲು ಮರೆತರೆ ಸಿಐನಲ್ಲೇ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಚೆಕ್ ಫೇಲ್ ಆಗುತ್ತದೆ. ಸುಮ್ನೆ ಕಾಗುಣಿತ ತಿದ್ದುವ ಪುಲ್ ರಿಕ್ವೆಸ್ಟ್‌ಗಳಿಗೆ ಮಾತ್ರ ಒಂದು ಲೇಬಲ್ ಹಾಕಿ ವಿನಾಯಿತಿ ಕೊಟ್ಟಿದ್ದೇವೆ.

ಹಳೇ ಕೋಡ್ ಮುರಿಯುವಂಥ ಬದಲಾವಣೆ ಇದ್ದರೆ, ಏನನ್ನು ಹೇಗೆ ಬದಲಾಯಿಸಿಕೊಳ್ಳಬೇಕು ಅನ್ನುವುದನ್ನು ಈಗಲೂ ನಾನೇ ಕೂತು ಬರೆಯುತ್ತೇನೆ. ಅದನ್ನು ಟೂಲ್‌ಗೆ ಬಿಡುವ ಮನಸ್ಸಿಲ್ಲ.